ಬಣ್ಣದ ಭಾಗ ನಿಮ್ಮದು

ಭಾವನವರಿಗೆ ನಮಸ್ಕಾರ.

ಹಳೆಯ ಪ್ರಿಂಟರ್‌ಗಳನ್ನು ಮತ್ತೆ ಓಡಿಸುವ ನನ್ನ ಪ್ರೋಗ್ರಾಂ ನಾನು ಕೆಲಸಕ್ಕಿರುವ ನಿಮ್ಮ ರಿಪೇರಿ ಅಂಗಡಿಯ ಸ್ವತ್ತೆಂದು ನೀವು ಬರೆದುಕೊಟ್ಟ ಕಾಗದಕ್ಕೆ ನಾನು ಸಹಿ ಹಾಕಿಲ್ಲ. ಅದನ್ನು ರಜೆಯ ದಿನಗಳಲ್ಲಿ ಮನೆಯಲ್ಲೇ ಕೂತು ಬರೆದೆ. ಎಲ್ಲರಿಗೂ ಪುಕ್ಕಟೆ ಕೊಡುತ್ತೇನೆ. “ಹತ್ತನೇ ಕ್ಲಾಸು ದಾಟಿಲ್ಲ, ಭಾವನಿಗೇ ಕಾನೂನು ಹೇಳೋಕೆ ಹೊರಟ್ಯಾ?” ಎಂದು ಅಕ್ಕ ಬೈದಳು.

ಸಹಿಗೆ ಬದಲಾಗಿ ನೀವು ಕೊಟ್ಟ ಲ್ಯಾಪ್‌ಟಾಪ್ ನಾನು ಬರೆಯುವಂಥ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಕ್ಕೆ ಒಗ್ಗುವಂಥದು, ನನ್ನ ಐದು ತಿಂಗಳ ಸಂಬಳದಷ್ಟು ಬೆಲೆಯದು. ಆಸೆ ತಡೆಯದೆ ಒಮ್ಮೆ ತೆರೆದು ನೋಡಿದೆ. ಅಕ್ಕನ ಕೈಯಲ್ಲಿ ವಾಪಸ್ ಕಳಿಸಿದ್ದೇನೆ.

ಆದರೆ ಬಣ್ಣದ ಮುದ್ರಣದ ಭಾಗವನ್ನು ಗಿರಾಕಿಗಳಿಲ್ಲದಾಗ ಅಂಗಡಿಯಲ್ಲೇ ಬರೆದಿದ್ದೆ. ಅದು ನಿಮ್ಮದು, ಜೊತೆಗಿರುವ ಪೆನ್‌ಡ್ರೈವ್‌ನಲ್ಲಿದೆ. ನನ್ನದರಿಂದ ಅಳಿಸಿದ್ದೇನೆ, ಈಗದು ಕಪ್ಪಿನಲ್ಲಷ್ಟೇ ಮುದ್ರಿಸುತ್ತದೆ.

ನಾಳೆ ಅಂಗಡಿಯ ಬಾಗಿಲು ತೆಗೆಯಲು ಬರಲೋ, ಬೀಗದ ಕೈಯನ್ನೂ ಅಕ್ಕನಿಗೆ ಕೊಟ್ಟುಬಿಡಲೋ, ತಿಳಿಸಿ.

ನಿಮ್ಮ ಭಾಮೈದ