ಈ ಸಲ ಬುತ್ತಿ ಬೇಡ

ಮೂಡಲಗಿ, ಸೋಮವಾರ

ಬೆಲ್ಲದ ಬಾಗೇವಾಡಿಯ ಅಪ್ಪಾಜಿಯವರಿಗೆ ಮಗಳ ಜಯ ಜಿನೇಂದ್ರ.

ರಸ್ತೆ ಮುಗಿಯಿತು! ಹುಕ್ಕೇರಿಯಿಂದ ನಿಮ್ಮೂರು, ಘಟಪ್ರಭಾ ದಾಟಿ ನಮ್ಮೂರಿನವರೆಗೂ ಹೊಸ ಡಾಂಬರು. ಅಜ್ಜನ ಕಾಲಕ್ಕೆ ಅದು ಚಕ್ಕಡಿ ದಾರಿ, ನಿಮ್ಮ ಕಾಲಕ್ಕೆ ಖಡಿ ರಸ್ತೆ. ರಾಜ್ಯ ಹೆದ್ದಾರಿ ಎಂದು ಕಲ್ಲಿನ ಮೇಲೆ ಬರೆದು ಎಷ್ಟೋ ವರ್ಷವಾಗಿತ್ತು. ಗುಂಡಿಗಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚಿ ಹೊರಟ ನೀವು ಘಟಪ್ರಭಾದ ಬಸ್ ನಿಲ್ದಾಣದಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಿರಿ. ನಮ್ಮ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ನಮ್ಮ ಜೈನ ನೇಮದಂತೆ ಆಮೇಲೆ ನೀವು ನೀರನ್ನೂ ಮುಟ್ಟುವವರಲ್ಲ. ನಾನು ಮಾಡಿದ ಅಡುಗೆ ಹಾಗೇ ಉಳಿಯುತ್ತಿತ್ತು. "ನಿಮ್ಮಪ್ಪಗ ಘಟಪ್ರಭಾದ ಬೆಂಚ ಬೀಗರ ಮನಿ ಆಗೇತಿ ನೋಡ" ಎಂದು ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಿನ್ನೆ ಅತ್ತೆಯನ್ನು ಕರೆದುಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂತೆ. ಅಲ್ಲಿಂದ ನೀವು ಹತ್ತುವ ಬಸ್ಸನ್ನೇ ಹತ್ತಿ ಬಂದೆವು. ಮನೆ ಮುಂದೆ ನಿಂತು ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಏ ಶುಭಾಂಗಿ, ಹೊತ್ತ ಇನ್ನೂ ಮ್ಯಾಲೈತಿ! ತಾಟ ಹಾಕ!" ಎಂದರು. ಬಿಸಿಲಿರುವಾಗಲೇ ಉಂಡು ಕೈ ತೊಳೆದೆವು.

ರವಿವಾರ ಬನ್ನಿ. ಬುತ್ತಿ ಕಟ್ಟುವುದು ಬೇಡವೆಂದು ಅವ್ವನಿಗೆ ಹೇಳಿ. ಆ ಬೆಂಚಿನ ಮೇಲೆ ಇನ್ನು ಬೇರೆ ಯಾರಾದರೂ ಉಣ್ಣಲಿ. ಮದುವೆಯಲ್ಲಿ ನೀವು ಕೊಟ್ಟ ಹಿತ್ತಾಳೆ ತಾಟನ್ನು ಬೆಳಗಿ ಇಟ್ಟಿದ್ದೇನೆ. ಅದರಲ್ಲಿ ಈವರೆಗೆ ಯಾರಿಗೂ ಬಡಿಸಿಲ್ಲ.

ಒಲೆ ಹೊತ್ತಿಸಿ ಕಾಯುವ ನಿಮ್ಮ ಮಗಳು,
ಶುಭಾಂಗಿ