ಮೂರು ಮೂಲೆ ಮನೆಯ ಮೆಟ್ಟಿಲು

೧೧ ಸೆಪ್ಟೆಂಬರ್ ೨೦೨೪, ಬುಧವಾರ

ಎಂಟು ಹತ್ತರ ಮೆಟ್ರೋ. ಡ್ರಾಯಿಂಗ್ ಟ್ಯೂಬ್ ಯಾರದೋ ಬ್ಯಾಗಿಗೆ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದವರು ಬಿಡಿಸಿಕೊಡುತ್ತಾ, “ಮಗಳದಾ ಮೇಡಂ?” ಎಂದರು. ಹೌದು ಎಂದೆ. ನಲವತ್ತಾರರ ಹೆಂಗಸು ಎರಡನೇ ವರ್ಷದ ಬಿ.ಆರ್ಕ್ ಓದುತ್ತಿದ್ದಾಳೆ ಎಂದು ವಿವರಿಸುತ್ತಾ ಹೋದರೆ ನನ್ನ ಸ್ಟೇಷನ್ ದಾಟಿಹೋಗುತ್ತದೆ.

ಹೊಸ ಪ್ರಾಜೆಕ್ಟ್ ಕೊಟ್ಟರು. ಹಳೇ ಬೆಂಗಳೂರಿನಲ್ಲಿ ವಿಚಿತ್ರ ಆಕಾರದ ಒಂದು ಕಟ್ಟಡ ಹುಡುಕಬೇಕು. ಅಳೆದು ಬರೆಯಬೇಕು. ಆಮೇಲೆ ಅದಕ್ಕೆ ಒಂದೇ ಒಂದು ಬದಲಾವಣೆ ಸೂಚಿಸಬೇಕು. ನಾಲ್ಕು ನಾಲ್ಕು ಜನರ ಗುಂಪು. ಹತ್ತು ನಿಮಿಷದಲ್ಲಿ ಎಲ್ಲರೂ ಎಲ್ಲರನ್ನೂ ಆರಿಸಿಕೊಂಡಿದ್ದರು. ನಾನು ಪೆನ್ಸಿಲ್ ಕೆತ್ತುತ್ತಾ ಕುಳಿತಿದ್ದೆ. ಚೂಪಾಗಿಯೇ ಇತ್ತು.

ಪಾಠ ಮಾಡುವ ಆರಾಧನಾ ಮೇಡಂ ನನಗಿಂತ ಹದಿನಾರು ವರ್ಷಕ್ಕೆ ಚಿಕ್ಕವರು. ಹತ್ತಿರ ಬಂದು, “ಮಾಧವಿ ಅವರೇ, ನೀವು ಒಬ್ರೇ ಮಾಡ್ತೀರಾ? ನಿಮಗೆ ಅನುಭವ ಇದೆಯಲ್ಲ” ಎಂದರು. ಉಳಿದವರನ್ನೆಲ್ಲ ಹೆಸರು ಹಿಡಿದು ಕೂಗುತ್ತಾರೆ. ನನಗೆ ಮಾತ್ರ ‘ಅವರೇ’.

೧೫ ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆಯಿಂದ ಯಾರೊಡನೆಯೂ ಮಾತಾಡಿಲ್ಲ. ಹನ್ನೊಂದು ಗಂಟೆಗೆ ಹಾಲಿನ ಅಂಗಡಿಯಲ್ಲಿ “ಅರ್ಧ ಲೀಟರ್” ಎಂದಾಗ ಗಂಟಲು ಕಟ್ಟಿತ್ತು. ಅಪ್ಪ ಇದ್ದಾಗ ಹೀಗಾಗುತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದರೂ ಇಡೀ ದಿನ ಏನಾದರೂ ಕೇಳುತ್ತಲೇ ಇದ್ದರು. ಅವರು ಹೋದ ಮೇಲೆ ತಾನೇ ಪ್ರವೇಶ ಪರೀಕ್ಷೆ ಬರೆದದ್ದು, ಕೆಲಸ ಬಿಟ್ಟು ಕಾಲೇಜು ಸೇರಿದ್ದು. ಆರ್ಕಿಟೆಕ್ಟ್ ಆತ್ರೇಯ ಸರ್ ಆಫೀಸಿನಲ್ಲಿ ಇಪ್ಪತ್ತಮೂರು ವರ್ಷ ಡ್ರಾಫ್ಟಿಂಗ್ ಮಾಡಿದೆ, ಅವರು ಯೋಚಿಸಿದ್ದನ್ನು ಅಳತೆಗೆ ಬರೆಯುವ ಕೆಲಸ. ಎಷ್ಟು ಮನೆ ಬರೆದಿರಬಹುದು... ಒಂದೂ ನನ್ನದಲ್ಲ.

ಶಂಕರಪುರಂನಿಂದ ನಡೆದೇ ಹೊರಟೆ. ಚಾಮರಾಜಪೇಟೆ, ಮಾರ್ಕೆಟ್, ಬಳೇಪೇಟೆ. ಎರಡು ಗಲ್ಲಿ ಕೂಡುವಲ್ಲಿ ಸಿಕ್ಕಿತು. ಹಡಗಿನ ಮೂತಿಯಂತಹ ಮನೆ. ಮೂರು ಗೋಡೆ ಅಷ್ಟೇ. ಮುಂದಿನ ತುದಿಯಲ್ಲಿ ಎರಡು ಅಡಿ ಅಗಲವೂ ಇಲ್ಲ. ಕೆಳಗೆ ತಕ್ಕಡಿ ರಿಪೇರಿ ಅಂಗಡಿ, ಮೇಲೆ ವಾಸ. ನಾನು ನೋಡುತ್ತಿದ್ದಂತೆ ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯಿತು. ಗಾಡಿಯವನು ಸೊಪ್ಪು ಹಾಕಿದ. ಬುಟ್ಟಿ ಮೇಲೆ ಹೋಯಿತು.

೨೧ ಸೆಪ್ಟೆಂಬರ್, ಶನಿವಾರ

ಅಂಗಡಿಯವರ ಹೆಸರು ಮಾಯಣ್ಣ. ಐವತ್ತೈದು ದಾಟಿರಬೇಕು. ಅಳೆಯಬಹುದೇ ಎಂದು ಕೇಳಿದ್ದಕ್ಕೆ, “ರೋಡ್ ಅಗಲ ಮಾಡಾಕಾ?” ಎಂದರು. ಕಾಲೇಜಿನ ಐಡಿ ಕಾರ್ಡ್ ತೋರಿಸಿದೆ. ಕಾರ್ಡಿನ ಫೋಟೋ ನೋಡಿದರು, ನನ್ನ ಮುಖ ನೋಡಿದರು. “ಓದ್ತಾ ಇದೀರಾ? ಒಳ್ಳೇದೇ. ಟೇಪ್‌ನ ಆ ಕಡೆ ನಾನ್ ಹಿಡ್ಕೊತೀನಿ.”

ಟೇಪಿನ ಇನ್ನೊಂದು ತುದಿಯನ್ನು ಯಾರಾದರೂ ಹಿಡಿದು ಎಷ್ಟು ದಿನವಾಗಿತ್ತು.

ಮಾಗಡಿ ಕಡೆಯಿಂದ ಬಂದ ಅವರಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರಂತೆ. ಯಾರಿಗೂ ಬೇಡವಾಗಿದ್ದ ಈ ಚೂರು ಜಾಗ ಕೊಂಡು ತಾವೇ ನಿಂತು ಕಟ್ಟಿಸಿದರಂತೆ. ಚೂಪು ಮೂಲೆಯಲ್ಲಿ ಮುರುಕು ತಕ್ಕಡಿಗಳ ರಾಶಿ. “ಅಲ್ಲಿ ಏನೂ ಕೂರಲ್ಲ ಮೇಡಂ. ಬೀರು ಕೂರಲ್ಲ, ಮಂಚ ಕೂರಲ್ಲ.”

೨೮ ಸೆಪ್ಟೆಂಬರ್, ಶನಿವಾರ

ಮಹಡಿ ಅಳೆದೆ. ಹಿಂದಿನ ಗೋಡೆಗೆ ಒರಗಿದ ಹಳೇ ಮೆಟ್ಟಿಲು. ಒಂಬತ್ತೇ ಮೆಟ್ಟಿಲು, ಒಂದೊಂದೂ ಒಂದು ಅಡಿ ಎತ್ತರ. ಮೆಟ್ಟಿಲಲ್ಲ, ಏಣಿ. ನನಗೇ ಏದುಸಿರು ಬಂತು.

ಮೇಲೆ ಮಾಯಣ್ಣನವರ ಅಕ್ಕ ತಿಮ್ಮಕ್ಕ. ಬುಟ್ಟಿ ಇಳಿಸುವವರು ಇವರೇ. ಎರಡೂ ಮಂಡಿ ಹೋಗಿವೆ. ಹದಿನಾಲ್ಕು ತಿಂಗಳಾಯಿತಂತೆ ಕೆಳಗಿಳಿದು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾರೆ, ಅಡುಗೆ ಮಾಡುತ್ತಾರೆ. ಡಾಕ್ಟರ ಹತ್ತಿರ ಹೋಗಲೂ ಒಪ್ಪಿಲ್ಲ.

“ನಾಲ್ಕ್ ಜನ ಬಂದು ಎತ್ಕೊಂಡ್ ಇಳುಸ್ತೀವಿ ಅಂದ್ರು ಕಣವ್ವ. ಬ್ಯಾಡ ಅಂದೆ. ನನ್ನ ಹೊತ್ಕೊಂಡ್ ಇಳ್ಸೋದು ಒಂದೇ ಸಲ.”

ನಗುತ್ತಲೇ ಹೇಳಿದರು. ನಾನು ಟೇಪ್ ಸುತ್ತುತ್ತಾ ನಿಂತೆ. ಹೊರಡುವಾಗ ರಾಗಿರೊಟ್ಟಿ ಕೊಟ್ಟು, “ನಿಂಗ್ಯಾರವ್ವ ಮನೇಲಿ?” ಎಂದರು. ಯಾರೂ ಇಲ್ಲ ಎಂದೆ. “ನೀನಾದ್ರೂ ಕೆಳಗಡೆ ಓಡಾಡ್ತೀಯ ಬಿಡು” ಎಂದರು.

೧೧ ಅಕ್ಟೋಬರ್, ಶುಕ್ರವಾರ. ಆಯುಧಪೂಜೆ

ಮಾಯಣ್ಣ ಕರೆದಿದ್ದರು, ಹೋದೆ. ಅಂಗಡಿಯಲ್ಲಿ ತೊಳೆದಿಟ್ಟ ತೂಕದ ಕಲ್ಲುಗಳಿಗೆಲ್ಲ ಕುಂಕುಮ. ಮೆಟ್ಟಿಲ ಮೇಲ್ತುದಿಯಲ್ಲಿ ತಿಮ್ಮಕ್ಕ ಹೊಸ ಸೀರೆ ಉಟ್ಟು ಕುಳಿತಿದ್ದರು. ಅಲ್ಲಿಂದ ಅವರಿಗೆ ಕಾಣುವುದು ಅಂಗಡಿಯ ನೆಲ ಮಾತ್ರ. “ದೀಪ ಹಚ್ಚಿದ್ರಾ? ಕಾಯಿ ಒಡದ್ರಾ?” ಎಂದು ಕೇಳುತ್ತಿದ್ದರು. ಮಾಯಣ್ಣ ಒಂದೊಂದಕ್ಕೂ ಹ್ಞೂಂ ಎನ್ನುತ್ತಿದ್ದರು. ಮಂಗಳಾರತಿ ತಟ್ಟೆಯನ್ನು ನಾನು ಮೇಲೆ ಒಯ್ದೆ. ಐದನೇ ಮೆಟ್ಟಿಲಿಗೆ ದೀಪ ಆರಿತು. ಯಾರಿಗೂ ಹೇಳಲಿಲ್ಲ. ಅವರು ಆರಿದ ದೀಪಕ್ಕೇ ಕೈಯೊಡ್ಡಿ ಕಣ್ಣಿಗೆ ಒತ್ತಿಕೊಂಡರು.

೨೪ ಅಕ್ಟೋಬರ್, ಗುರುವಾರ

ಜ್ಯೂರಿ, ಪ್ರಾಜೆಕ್ಟನ್ನು ಪರೀಕ್ಷಕರ ಮುಂದಿಡುವ ದಿನ. ಹೊರಗಿನಿಂದ ಬಂದ ಆರ್ಕಿಟೆಕ್ಟ್ ಯಾರೆಂದು ನೋಡಿದರೆ ಅನಿಲ್ ಕುಮಾರ್. ಹದಿನೈದು ವರ್ಷದ ಹಿಂದೆ ನಮ್ಮ ಆಫೀಸಿಗೆ ಟ್ರೈನಿಯಾಗಿ ಬಂದಿದ್ದವನು. ಮೆಟ್ಟಿಲನ್ನು ಸೀಳಿ ತೋರಿಸುವ ಸೆಕ್ಷನ್ ಬರೆಯಲು ನನ್ನ ಟೇಬಲ್ಲಿನಲ್ಲೇ ಕಲಿತದ್ದು. ಈಗ ಸ್ವಂತ ಆಫೀಸು. ನನ್ನನ್ನು ಕಂಡು ಎದ್ದು ನಿಂತ, ಆಮೇಲೆ ಏನು ಮಾಡಬೇಕೆಂದು ತೋಚದೆ ಕುಳಿತ.

ಗೋಡೆಗೆ ಎಂಟು ಶೀಟು ಹಾಕಿದ್ದೆ. ಕೊನೆಯ ಶೀಟಿನಲ್ಲಿ ಬದಲಾವಣೆಗೆ ಮೂರು ಆಯ್ಕೆ. ಇದರಲ್ಲಿ ಯಾವುದು ಸರಿ ಎಂದು ನೀವು ಹೇಳಿದರೆ ಅದನ್ನು ಬೆಳೆಸುತ್ತೇನೆ ಎಂದೆ. ಬಾಯಿಗೆ ತಾನಾಗಿ ಬಂತು. ಇಪ್ಪತ್ತಮೂರು ವರ್ಷ ದಿನವೂ ಆಡಿದ ಮಾತು.

ಅನಿಲ್ ಬಹಳ ಹೊತ್ತು ನೋಡಿದ. “ಡ್ರಾಯಿಂಗ್ ಬಗ್ಗೆ ಹೇಳೋಕೆ ಏನೂ ಇಲ್ಲ ಮೇಡಂ. ಇಲ್ಲಿ ಯಾರೂ ಹೀಗೆ ಬರಿಯಲ್ಲ. ಆದ್ರೆ ಯಾವುದು ಸರಿ ಅಂತ ನೀವು ಹೇಳ್ಬೇಕು, ನಾನಲ್ಲ. ಇದು ಇನ್ನೂ ಡ್ರಾಫ್ಟಿಂಗೇ.”

ಹದಿನೆಂಟು ಹತ್ತೊಂಬತ್ತರ ಮಕ್ಕಳೆಲ್ಲ ನೆಲ ನೋಡುತ್ತಿದ್ದರು. ನನಗಾಗಿ ಅವರಿಗೆ ನಾಚಿಕೆ.

ನಾನು ಹೊರಗೆ ಬಂದ ಮೇಲೆ ಅನಿಲ್ ಹಿಂದೆಯೇ ಬಂದ. “ಬೇಜಾರ್ ಮಾಡ್ಕೋಬೇಡಿ ಮೇಡಂ.”

“ಇಲ್ಲ. ನೀನು ಹೇಳಿದ್ದು ಸರಿಯಾಗೇ ಇದೆ.”

ಸರಿಯಾಗಿದೆ, ಅದೇ ಸಂಕಟ.

೨೫ ಅಕ್ಟೋಬರ್

ಕಾಲೇಜಿಗೆ ಹೋಗಲಿಲ್ಲ. ಯಾರೂ ಫೋನ್ ಮಾಡಲಿಲ್ಲ.

೧೭ ನವೆಂಬರ್, ಭಾನುವಾರ

ಮೂರು ವಾರ ಇಲ್ಲಿ ಬರೆದಿಲ್ಲ. ಬೇರೆ ಬರೆಯುತ್ತಿದ್ದೆ. ಮೆಟ್ಟಿಲು.

ಚೂಪು ಮೂಲೆಯಲ್ಲಿ ಏನೂ ಕೂರುವುದಿಲ್ಲ — ಬೀರು, ಮಂಚ. ಮನುಷ್ಯರು ಕೂರಬಹುದು. ಒಂದು ಗೋಡೆಯ ಉದ್ದಕ್ಕೂ ಎಂಟು ಮೆಟ್ಟಿಲು ಮೂಲೆಯ ಕಡೆಗೆ ಹೋಗಲಿ. ಅಲ್ಲಿ ಒಂದು ಕಟ್ಟೆ. ಕಟ್ಟೆಗೆ ಕಿಟಕಿ, ಎರಡೂ ಗಲ್ಲಿ ಕಾಣುವಂತೆ. ತಿರುಗಿ ಇನ್ನೊಂದು ಗೋಡೆಯ ಉದ್ದಕ್ಕೂ ಎಂಟು. ಒಟ್ಟು ಹದಿನಾರು, ಪ್ರತಿಯೊಂದೂ ಆರು ಮುಕ್ಕಾಲು ಇಂಚು. ಎರಡೂ ಕೈಗೆ ಹಿಡಿಯಲು ಕಂಬಿ. ಅರ್ಧ ದಾರಿಯಲ್ಲಿ ಕುಳಿತು ಸುಧಾರಿಸಿಕೊಳ್ಳಬಹುದು.

ಒಂದೇ ಆಯ್ಕೆ. ಯಾರನ್ನೂ ಕೇಳಲಿಲ್ಲ. ಕೇಳಲು ಯಾರೂ ಇರಲಿಲ್ಲ ಎನ್ನುವುದೂ ನಿಜ.

೨೩ ನವೆಂಬರ್, ಶನಿವಾರ

ಮಾಯಣ್ಣನವರಿಗೆ ತೋರಿಸಿದೆ. ಕಾಲೇಜಿನದು ಮುಗಿದಿದೆ, ಇದು ನಿಜವಾದದ್ದು ಎಂದೆ. ಅವರ ಕೆಲಸದ ಬೆಂಚು ಇರುವ ಜಾಗ ಹೋಗುತ್ತದೆ ಎಂದೂ ಹೇಳಿದೆ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಬೆಂಚು ಹಿಂದಕ್ಕಾಕ್ಕೊತೀನಿ. ಅಕ್ಕ ಇಳೀತಾಳಾ?”

ಗೊತ್ತಿಲ್ಲ ಎಂದೆ.

ಮೇಲಿನಿಂದ ತಿಮ್ಮಕ್ಕ ಕೂಗಿದರು. “ಅದೇನ್ ಗುಸುಗುಸು?”

೮ ಡಿಸೆಂಬರ್, ಭಾನುವಾರ

ಆಫೀಸಿಗೆ ಬರುತ್ತಿದ್ದ ಇಂಜಿನಿಯರ್ ಬದರೀನಾರಾಯಣರನ್ನು ಬಸವನಗುಡಿಯಿಂದ ಕರೆತಂದೆ. ಈಗ ರಿಟೈರ್ಡ್. ಮಹಡಿಯ ನೆಲದ ತೊಲೆಗಳನ್ನು ಬೆರಳಿನಿಂದ ತಟ್ಟಿ ನೋಡಿದರು. ಎರಡು ತೊಲೆ ಕತ್ತರಿಸಬಹುದು, ಅಡ್ಡಕ್ಕೆ ಕಬ್ಬಿಣ ಕೊಡಬೇಕು ಎಂದರು. ಅಳತೆ ಬರೆದುಕೊಟ್ಟರು. ಆಟೋ ಹತ್ತುವಾಗ, “ಡಿಸೈನ್ ಯಾರ್ದಮ್ಮ? ಆತ್ರೇಯಂದಾ?” ಎಂದರು.

“ಅಲ್ಲ ಸರ್.”

ಅಷ್ಟೇ ಹೇಳಲು ಸಾಧ್ಯವಾಯಿತು.

೧೪ ಜನವರಿ ೨೦೨೫, ಮಂಗಳವಾರ. ಸಂಕ್ರಾಂತಿ

ವೆಲ್ಡರ್ ಸುಮನ್ ಹಬ್ಬದ ದಿನವೂ ಬಂದ. ಕಬ್ಬಿಣದ ಚೌಕಟ್ಟು ನಿಂತಿದೆ, ಕಡಪ ಕಲ್ಲು ಕೂರಿಸುವುದು ಬಾಕಿ. ಅಳೆದೆ. ಕೊನೆಯ ಮೆಟ್ಟಿಲು ಏಳೂಕಾಲು ಇಂಚು. ಮಹಡಿಯ ನೆಲ ಆ ಮೂಲೆಯಲ್ಲಿ ಅರ್ಧ ಇಂಚು ಮೇಲೆದ್ದಿದೆ. ಅದನ್ನು ನಾನು ನೋಡಿರಲಿಲ್ಲ. ನನ್ನದೇ ತಪ್ಪು.

“ಅರ್ಧ ಇಂಚು ತಾನೇ ಮೇಡಂ, ಯಾರಿಗ್ ಗೊತ್ತಾಗುತ್ತೆ?”

“ಕಾಲಿಗೆ ಗೊತ್ತಾಗುತ್ತೆ. ಮಂಡಿ ನೋವಿದ್ದೋರಿಗಂತೂ ಖಂಡಿತ ಗೊತ್ತಾಗುತ್ತೆ. ಮೇಲಿನ ಎಂಟನ್ನೂ ಬಿಚ್ಚಿ ಅರ್ಧ ಇಂಚನ್ನ ಹಂಚ್ಬೇಕು.”

“ಎಂಟೂನಾ?”

“ಎಂಟೂ.”

ಗೊಣಗುತ್ತಲೇ ಬಿಚ್ಚಿದ. ಸಂಜೆ ತಿಮ್ಮಕ್ಕ ಎಳ್ಳು ಬೆಲ್ಲದ ಪೊಟ್ಟಣವನ್ನು ಬುಟ್ಟಿಯಲ್ಲಿಟ್ಟು ಇಳಿಸಿದರು. ಇಬ್ಬರಿಗೂ.

೨೬ ಜನವರಿ, ಭಾನುವಾರ

ಇಳಿದರು.

ಬೆಳಿಗ್ಗೆ ಹತ್ತೂಕಾಲು. ನಾನು ಮುಂದೆ, ಮಾಯಣ್ಣ ಹಿಂದೆ. ಮುಟ್ಟಬೇಡಿ ಎಂದರು ತಿಮ್ಮಕ್ಕ. ಒಂದು ಮೆಟ್ಟಿಲಿಗೆ ಎರಡೂ ಪಾದ ಊರಿ ಆಮೇಲೆ ಇನ್ನೊಂದು. ಎಂಟು ಮುಗಿಯಲು ಹನ್ನೊಂದು ನಿಮಿಷ. ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ಕಿಟಕಿಯಿಂದ ಹೊರಗೆ ನೋಡಿದರು. ಸೊಪ್ಪಿನ ಗಾಡಿಯವನು ತಲೆಯೆತ್ತಿ, “ಅಜ್ಜೀ, ಏನ್ ಇಷ್ಟ್ ಕೆಳಗ್ ಬಂದ್ಬಿಟ್ರಿ” ಎಂದ. ಅವರು ಕಂಬಿ ಹಿಡಿದು ಎದ್ದರು.

ಉಳಿದ ಎಂಟು. ಹೊಸಿಲು. ಬೀದಿ.

ಬಿಸಿಲಲ್ಲಿ ನಿಂತು, “ರೋಡ್ ಎತ್ರ ಮಾಡವ್ರೆ ಕಣೋ” ಎಂದರು ತಮ್ಮನಿಗೆ. ಮಾಯಣ್ಣ ಅಂಗಡಿಯೊಳಕ್ಕೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮನೆಗೆ ಬಂದು ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದೆ. ಅನಿಲ್‌ಗೆ ಮೆಟ್ಟಿಲಿನ ಒಂದು ಫೋಟೋ ಕಳಿಸಿದೆ. ‘ಯಾರ ಕೆಲಸ ಮೇಡಂ?’ ಎಂದು ಬಂತು. ಉತ್ತರ ಟೈಪ್ ಮಾಡಿದೆ, ಅಳಿಸಿದೆ. ನಾಳೆ ಬರೆಯೋಣ.

೧೬ ಫೆಬ್ರವರಿ, ಭಾನುವಾರ

ಮೂರು ವಾರದಿಂದ ಭಾನುವಾರ ಅಲ್ಲೇ ಊಟ. ತಿಮ್ಮಕ್ಕ ದಿನಾ ಇಳಿಯುತ್ತಾರೆ. ಆಸ್ಪತ್ರೆಗೂ ಹೋಗಿ ಬಂದಿದ್ದಾರೆ. ಇವತ್ತು ನನ್ನ ತೋಳು ಹಿಡಿದು ಮಾರ್ಕೆಟ್‌ವರೆಗೆ. ಬದನೆಕಾಯಿಯನ್ನು ತಾವೇ ಒತ್ತಿ ನೋಡಿ ಆರಿಸಿದರು. ಅರ್ಧ ಗಂಟೆ ಬೇಕಾಯಿತು. ನನಗೆ ಆತುರವಿರಲಿಲ್ಲ.

೯ ಮಾರ್ಚ್, ಭಾನುವಾರ

ಊಟ ಆದ ಮೇಲೆ ಮಾಯಣ್ಣ ಹೇಳಿದರು. ಮನೆ ಹಿಂದಿನ ಬಟ್ಟೆ ಗೋಡೌನ್‌ನವರು ವರ್ಷಗಳಿಂದ ಈ ಜಾಗ ಕೇಳುತ್ತಿದ್ದರಂತೆ, ಈಗ ಅವರಿಗೇ ಮಾರಿದರಂತೆ. ತಕ್ಕಡಿ ಈಗ ಯಾರೂ ರಿಪೇರಿಗೆ ತರುವುದಿಲ್ಲ. ಮಾಗಡಿ ಹತ್ತಿರ ನೆಲಮಟ್ಟದ ಮನೆಯೊಂದಿದೆ, ತಿಮ್ಮಕ್ಕನ ಮಗಳು ಪಕ್ಕದ ಬೀದಿಯಲ್ಲೇ ಇದ್ದಾಳೆ.

“ಅಕ್ಕ ಇಳೀಲಿ ಅಂತಾನೇ ಕಾಯ್ತಿದ್ದೆ ಮೇಡಂ. ಎತ್ಕೊಂಡೋಗಕ್ಕೆ ಬಿಡ್ತಿರ್ಲಿಲ್ವಲ್ಲ. ನಿಮ್ಮಿಂದ ಆಯ್ತು.”

ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಒಳ್ಳೆಯದೇ.

ತಿಮ್ಮಕ್ಕ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. “ನೀನೂ ಬಾ ಅಲ್ಲಿಗೆ. ಬಸ್ಸಿದೆ.”

೨೩ ಮಾರ್ಚ್, ಭಾನುವಾರ

ಹೋದರು. ಟೆಂಪೋದ ಮುಂದಿನ ಸೀಟು ತಿಮ್ಮಕ್ಕನಿಗೆ. ತಾವೇ ಇಳಿದು ಬಂದು ತಾವೇ ಹತ್ತಿದರು. ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ ಬಂದಿದ್ದರು.

೩೦ ಮಾರ್ಚ್. ಯುಗಾದಿ

ಬೇವು ಬೆಲ್ಲ ನಾನೇ ಮಾಡಿ ನಾನೇ ತಿಂದೆ. ಮಧ್ಯಾಹ್ನ ತಿಮ್ಮಕ್ಕನ ಫೋನ್. ಅಂಗಳದಲ್ಲಿ ಓಡಾಡುತ್ತಿದ್ದಾರಂತೆ. ಆ ಮನೆಗೆ ಮೆಟ್ಟಿಲೇ ಇಲ್ಲವಂತೆ. ಸಂಜೆ ಹಾಲಿನವನಿಗೆ “ಅರ್ಧ ಲೀಟರ್” ಎಂದೆ. ಇವತ್ತು ಗಂಟಲು ಕಟ್ಟಿರಲಿಲ್ಲ.

೫ ಏಪ್ರಿಲ್, ಶನಿವಾರ, ಬೆಳಿಗ್ಗೆ ೯.೪೦. ಬಳೇಪೇಟೆ

ಸೋಮವಾರ ಕೆಡವುತ್ತಾರೆ. ಮೇಸ್ತ್ರಿಯನ್ನು ಕೇಳಿಕೊಂಡು ಒಳಗೆ ಬಂದಿದ್ದೇನೆ. ಕಟ್ಟಿದ ಮೇಲೆ ಈ ಮೆಟ್ಟಿಲನ್ನು ನಾನು ಅಳೆದು ಬರೆದೇ ಇಲ್ಲ. ಸುಮನ್ ಬಿಚ್ಚಿ ಹಂಚಿದ್ದು ಯಾವ ಶೀಟಿನಲ್ಲೂ ಇಲ್ಲ. ಅಳತೆ ಪುಸ್ತಕ ಮನೆಯಲ್ಲೇ ಉಳಿಯಿತು, ಈ ಡೈರಿಯಲ್ಲೇ ಗುರುತು ಹಾಕಿಕೊಳ್ಳುತ್ತೇನೆ.

ಹೆಸರಿನ ಜೊತೆ ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳಲು ಇನ್ನೂ ಮೂರು ವರ್ಷ ಚಿಲ್ಲರೆ ಇದೆ. ಆಗ ನನಗೆ ಐವತ್ತು. ಮೊದಲ ಕೆಲಸ ಹತ್ತು ವಾರ ಇತ್ತು. ಅದರಲ್ಲಿ ಎಂಟು ವಾರ ಒಬ್ಬರು ದಿನಾ ಹತ್ತಿ ಇಳಿದರು.

ಬಾಗಿಲು ಕೀಳಲು ಬಂದ ಮೇಸ್ತ್ರಿ ಕೆಳಗಿನಿಂದ ಕೇಳಿದರು. “ಹೊಸ್ದಿದ್ದಂಗಿದೆಯಲ್ಲ ಮೇಡಂ ಮೆಟ್ಲು. ಯಾರ್ದು?”

“ನಂದು.”

“ಇನ್ನೆಷ್ಟೊತ್ತಾಗುತ್ತೆ?”

“ಹದಿನಾರು ಮೆಟ್ಲು. ಅಷ್ಟೇ.”

ಒಂದರಿಂದ ನಾಲ್ಕು, ಆರು ಮುಕ್ಕಾಲು. ನಾಲ್ಕನೆಯದರ ಅಂಚು ಚೂರು ಒಡೆದಿದೆ. ಐದರಿಂದ ಎಂಟು, ಅದೇ. ಕಟ್ಟೆ — ಕಿಟಕಿ ಆಗಲೇ ಕಿತ್ತಿದ್ದಾರೆ, ಎರಡೂ ಗಲ್ಲಿಯ ಗಾಳಿ ಬರುತ್ತಿದೆ. ಐದು ನಿಮಿಷ ಕುಳಿತೆ.

ಒಂಬತ್ತನೆಯದು, ಆರು ಮುಕ್ಕಾಲಿಗಿಂತ ಅರ್ಧ ನೂಲು ಜಾಸ್ತಿ, ಇಂಚಿನ ಹದಿನಾರನೇ ಒಂದು ಪಾಲು. ಹತ್ತು, ಅಷ್ಟೇ. ಹನ್ನೊಂದು —