ಬಾಲದಿಂದ ಬರೆದ ಎತ್ತು

ಲಿಂಗಸುಗೂರು
೧೮ ಫೆಬ್ರವರಿ ೨೦೨೫, ಮಂಗಳವಾರ

ಅಪ್ಪನಿಗೆ,

ನಿನ್ನ ನಂದಿನಿಯ ನಮಸ್ಕಾರ. ಇತ್ತ ನಾನು ಕ್ಷೇಮ ಅಂತ ಬರೆಯುವುದು ಪದ್ಧತಿ, ಆದರೆ ಸುಳ್ಳು ಹೇಗೆ ಬರೆಯಲಿ. ಎರಡು ದಿನದಿಂದ ಫೋನ್ ಮಾಡಿದರೆ ನೀನು ‘ಏಣಿ ಮ್ಯಾಲ ಅದೀನಿ, ಆಮ್ಯಾಲ ಮಾಡವ್ವ’ ಅಂತ ಇಟ್ಟುಬಿಡುತ್ತೀ. ಅದಕ್ಕೇ ಸಿಂಧನೂರಿನ ನಿನ್ನ ಪೇಂಟಿಂಗ್ ಅಂಗಡಿಯ ವಿಳಾಸಕ್ಕೆ ಈ ಕಾಗದ. ಇದು ಅವ್ವನ ಕೈಗೆ ಸಿಗಬಾರದು. ಬ್ರಷ್ ಕೆಳಗಿಟ್ಟು, ಕೂತು ಓದು.

ಭಾನುವಾರ ಮಧ್ಯಾಹ್ನ ಹಾಸ್ಟೆಲಿನಲ್ಲಿ ಊಟ ಮುಗಿಸಿ ಒಂದು ಆಟಕ್ಕೆ ಕೂತೆವು. ಆಟ ತಂದವಳು ಹಟ್ಟಿಯ ಅರ್ಜುಮಂದ್. ಅವಳಿಗೆ ದಿನಕ್ಕೊಂದು ಹೊಸ ಹುಚ್ಚು, ನಮ್ಮ ಬಿ.ಎಡ್. ಪಾಠ ಒಂದು ಬಿಟ್ಟು. ಅವಳು ನಾಲ್ಕು ಚೀಟಿ ಬರೆದು ಹಂಚಿದಳು. ಮೂರು ಚೀಟಿಯಲ್ಲಿ ಒಂದೇ ಶಬ್ದ, ನಾಲ್ಕನೆಯದರಲ್ಲಿ ಬರೀ ಒಂದು ಅಡ್ಡಗೆರೆಯ ಕಾಟು. ಕಾಟು ಸಿಕ್ಕವಳು ಕಳ್ಳಿ. ಶಬ್ದ ಏನೆಂದು ಅವಳಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದವಳ ಹಾಗೆ ನಟಿಸಬೇಕು. ಎಲ್ಲರೂ ಒಂದೇ ಹಾಳೆಯ ಮೇಲೆ ಪೆನ್ನು ಎತ್ತದೆ ಒಂದೊಂದು ಗೆರೆ ಎಳೆಯಬೇಕು. ಕೊನೆಗೆ ಕಳ್ಳಿ ಯಾರು ಅಂತ ಬೆರಳು ತೋರಿಸಬೇಕು. ಸಿಕ್ಕಿಬೀಳದೆ ಶಬ್ದವನ್ನೂ ಹೇಳಿಬಿಟ್ಟರೆ ಕಳ್ಳಿಯೇ ಗೆದ್ದಂತೆ.

ನನ್ನ ಚೀಟಿಯಲ್ಲಿ ‘ಎತ್ತು’ ಅಂತ ಇತ್ತು. ಮೊದಲ ಗೆರೆ ನನ್ನದೇ. ನೀನು ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಬರೆಯುವ ಹಾಗೆ ಬಾಲದ ತುದಿಯಿಂದ ಶುರು ಮಾಡಿ, ಸುರುಳಿ ಸುತ್ತಿ, ಅಲ್ಲಿಗೇ ನಿಲ್ಲಿಸಿದೆ. ನೋಡಿದವರಿಗೆ ಅದು ಮಲ್ಲಿಗೆ ಬಳ್ಳಿಯೂ ಇರಬಹುದು, ಹಾವೂ ಇರಬಹುದು. ಕಳ್ಳಿಗೆ ಸುಳಿವು ಸಿಗಬಾರದಲ್ಲ.

ಎರಡನೆಯವಳು ಭಾರತಿ. ನನ್ನ ರೂಮಿನವಳು, ಮಸ್ಕಿಯವಳು, ನಿನಗೆ ಹೇಳಿದ್ದೇನೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ನನ್ನ ಗೆರೆ ನಿಂತಲ್ಲಿಂದಲೇ ಹಿಡಿದು, ಬೆನ್ನು, ಇಣಿಯ ಉಬ್ಬು, ಕೊರಳು, ಬಗ್ಗಿದ ತಲೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಎಳೆದಳು. ಪೆನ್ನು ಎತ್ತಿದಾಗ ಅಲ್ಲಿ ನಿನ್ನ ಎತ್ತು ನಿಂತಿತ್ತು. ಆಮೇಲೆ ಶರಣಮ್ಮ ಮೂಗುದಾರ ಬರೆದಳು. ಮೆಹರಬಾನು ಕೊರಳ ಗಂಟೆ ಬರೆಯಲು ಹೋಗಿ ನೀರಿನ ಬಿಂದಿಗೆ ಬರೆದಳು. ಎಲ್ಲರೂ ನಕ್ಕು ಮೆಹರಬಾನುವಿನ ಕಡೆ ಬೆರಳು ತೋರಿಸಿದೆವು. ಆಕೆ ಸಿಟ್ಟಿನಿಂದ ಚೀಟಿ ಬಿಚ್ಚಿದರೆ ಅದರಲ್ಲಿ ‘ಎತ್ತು’ ಇತ್ತು. ಕಾಟು ಇದ್ದದ್ದು ಭಾರತಿಯ ಚೀಟಿಯಲ್ಲಿ.

ಅರ್ಜುಮಂದ್ ತಬ್ಬಿಬ್ಬಾದಳು. ‘ಶಬ್ದನಽ ಗೊತ್ತಿಲ್ಲದ ಹೆಂಗ ಬರದೆಲೇ’ ಅಂತ ಕೇಳಿದಳು. ಭಾರತಿ ನಗುತ್ತ ಏನೆಂದಳು ಗೊತ್ತಾ ಅಪ್ಪ? ‘ನಂದಿನಿ ಬಾಲದಿಂದ ಶುರು ಮಾಡಿದ್ಲಲ್ಲ. ನಮ್ಮಪ್ಪನೂ ಹಂಗಽ ಬರೀತಾನ. ಬಾಲ ಹಿಡಕೊಂಡ್ರ ಎತ್ತು ಎಲ್ಲಿಗೂ ಹೋಗಂಗಿಲ್ಲ ಮಗಳ, ಅಂತಾನ.’

ಅದು ನನ್ನ ಮಾತು. ಐದು ವರ್ಷದವಳಿದ್ದಾಗ ನನ್ನ ಕೈ ಹಿಡಿದು ಬರೆಸುತ್ತ ನೀನು ನನಗೆ ಹೇಳಿದ ಮಾತು.

ಆದರೂ ನಿನ್ನ ಪರ ವಹಿಸಿ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಯಾರೋ ನಿನ್ನ ಹತ್ತಿರ ಕೆಲಸ ಕಲಿತ ಪೇಂಟರ್ ಇರಬೇಕು ಅಂದುಕೊಂಡೆ. ಅವಳ ಅಪ್ಪನ ಹೆಸರು ಕೇಳಿದೆ. ಗಂಗಾಧರ ಅಂದಳು. ಊರಿಗೆ ಹತ್ತು ಮಂದಿ ಗಂಗಾಧರರಿದ್ದಾರೆ ಅಂತ ಅದನ್ನೂ ನುಂಗಿಕೊಂಡೆ. ಆಮೇಲೆ ಅವಳೇ ಫೋನಿನಲ್ಲಿ ಫೋಟೊ ತೋರಿಸಿದಳು. ನೀನು ಬರೀ ಬನಿಯನ್ನಿನಲ್ಲಿ ಹೊರಸಿನ ಮೇಲೆ ಕೂತು ಊಟ ಮಾಡುತ್ತಿದ್ದೀ. ನಮ್ಮ ಮನೆಯಲ್ಲಿ ಕೂತ ಹಾಗೆಯೇ ಕೂತಿದ್ದೀ, ಎಡಗಾಲು ಮಡಿಚಿ.

‘ನಿನಗ ಯಾರು ಕಲಿಸ್ಯಾರ’ ಅಂತ ಭಾರತಿ ಕೇಳಿದಳು. ಸಾಲಿಯ ಡ್ರಾಯಿಂಗ್ ಮಾಸ್ತರು ಅಂದೆ. ನಿನಗಾಗಿ ನಾನು ಹೇಳಿದ ಮೊದಲ ಸುಳ್ಳು ಅದು.

ವಾರಕ್ಕೆರಡು ದಿನ ನೀನು ಮುದಗಲ್ಲಿನಲ್ಲಿ ಟ್ರೇಲರ್ ಕೆಲಸಕ್ಕೆ ಹೋಗುತ್ತೀ ಅಂತ ಅವ್ವ ನಂಬಿದ್ದಾಳೆ. ಉಳಿದ ಐದು ದಿನ ನೀನು ಬಳ್ಳಾರಿಯಲ್ಲಿ ಗೋಡೆ ಬರೆಯುತ್ತೀ ಅಂತ ಮಸ್ಕಿಯವರು ನಂಬಿದ್ದಾರೆ. ಶಾಣ್ಯಾ ಇದ್ದೀಯಪ್ಪ ನೀನು. ಭಾರತಿಯ ಹುಟ್ಟಿದ ತಾರೀಖು ನೋಡಿದೆ. ನನಗಿಂತ ಎಂಟು ತಿಂಗಳಿಗೆ ದೊಡ್ಡವಳು. ಹಾಗಾದರೆ ಕಾಟಿನ ಚೀಟಿ ಬಂದದ್ದು ಅವರಿಗೋ ನಮಗೋ? ನಮ್ಮ ಅವ್ವ ನಿನಗೆ ಎಷ್ಟನೆಯವಳು? ಎರಡು ದಿನದಿಂದ ಇದೊಂದನ್ನೇ ಲೆಕ್ಕ ಹಾಕುತ್ತಿದ್ದೇನೆ, ತಲೆ ಕೆಟ್ಟುಹೋಗಿದೆ.

ಇನ್ನೊಂದು ಕೇಳುತ್ತೇನೆ. ದೀಪಾವಳಿಗೆ ಬರುವಾಗ ಭಾರತಿಯ ಮನೆಯ ಶೇಂಗಾ ಚಟ್ನಿ ತಂದಿದ್ದೆ. ಅವ್ವ ಹೊಗಳಿದ್ದೇ ಹೊಗಳಿದ್ದು, ಭಾರತಿಗೆ ಫೋನ್ ಮಾಡಿಸಿ ಹೇಗೆ ಮಾಡುವುದೆಂದು ಕೇಳಿದಳು. ಅವತ್ತಿನಿಂದ ಅವರಿಬ್ಬರಿಗೂ ಸಲುಗೆ. ನೀನು ಮಾತ್ರ ಎರಡು ರೊಟ್ಟಿಗೆ ಹಚ್ಚಿಕೊಂಡು ತಿಂದೆ, ಯಾರ ಮನೆಯದು ಅಂತ ಕೇಳಲಿಲ್ಲ. ಅವತ್ತೇ ನಿನಗೆ ರುಚಿಯ ಗುರುತು ಹತ್ತಿತ್ತಾ? ನಾವಿಬ್ಬರೂ ಒಂದೇ ರೂಮಿನಲ್ಲಿ ಮಲಗುತ್ತಿದ್ದೇವೆಂದು ಗೊತ್ತಿದ್ದೂ ನಾಲ್ಕು ತಿಂಗಳು ಸುಮ್ಮನಿದ್ದೆಯಾ? ಹಂಗಿದ್ದರೆ ನಿನ್ನ ಧೈರ್ಯಕ್ಕೆ ಶರಣು.

ಭಾರತಿಯದು ಏನೂ ತಪ್ಪಿಲ್ಲ. ಜ್ವರ ಬಂದಾಗ ನನ್ನ ಪಕ್ಕ ಕೂತವಳು ಅವಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಬರುವ ಭಾನುವಾರ ಮಸ್ಕಿಯಲ್ಲಿ ಅವಳ ನಿಶ್ಚಯ. ರೂಮಿನವರನ್ನೆಲ್ಲ ಕರೆದಿದ್ದಾಳೆ. ನೀನು ಅದೇ ಭಾನುವಾರ ರಾಯಚೂರಿನಲ್ಲಿ ಕೆಲಸವಿದೆ ಅಂತ ಅವ್ವನಿಗೆ ಹೇಳಿದ್ದೀ. ನಾನು ಹೋಗುವುದಿಲ್ಲ, ಹೊಟ್ಟೆನೋವು ಅಂತ ಹೇಳುತ್ತೇನೆ. ಅವಳ ಶುಭಕಾರ್ಯ ಕೆಡಿಸುವ ಮನಸ್ಸು ನನಗಿಲ್ಲ.

ಆದರೆ ಅವ್ವನಿಗೆ ನೀನೇ ಹೇಳಬೇಕು. ಮಂದಿಯ ಬಾಯಿಂದ, ನಾಲ್ಕು ಜನರ ಎದುರು ಅವಳು ಇದನ್ನು ತಿಳಿದುಕೊಳ್ಳಬಾರದು. ಇಪ್ಪತ್ತೆರಡು ವರ್ಷ ನಿನ್ನ ಅಂಗಿಯ ಬಣ್ಣದ ಕಲೆ ತಿಕ್ಕಿದವಳಿಗೆ ಅಷ್ಟು ಮರ್ಯಾದೆ ಕೊಡು. ಶನಿವಾರದವರೆಗೆ ಕಾಯುತ್ತೇನೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ಇಂತಿ,
ನಿನ್ನ ಎರಡನೇ ಮಗಳು
ನಂದಿನಿ

ತಾ.ಕ.: ಕಾಗದ ಮಡಿಚಿ ಲಕೋಟೆಗೆ ಹಾಕುವಷ್ಟರಲ್ಲಿ ಅವ್ವನ ಫೋನ್ ಬಂತು. ಭಾರತಿ ಅವಳನ್ನೂ ನಿಶ್ಚಯಕ್ಕೆ ಕರೆದಿದ್ದಾಳಂತೆ. ಅವ್ವ ಆಗಲೇ ಬಜಾರಿಗೆ ಹೋಗಿ ಹಸಿರು ಇಳಕಲ್ ಸೀರೆ, ಖಣ ತಂದಿಟ್ಟಿದ್ದಾಳೆ. ‘ನಿಮ್ಮಪ್ಪ ಹೆಂಗೂ ರಾಯಚೂರಿಗೆ ಹೊಂಟಾರ, ನಾ ಒಬ್ಬಾಕಿನಽ ಹೋಗಿ ಆ ಹುಡುಗಿಗೆ ಉಡಿ ತುಂಬಿ ಬರ್ತೀನಿ’ ಅಂದಳು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ, ಅದಕ್ಕೆ ಉತ್ತರ ಹೇಳಬೇಕಾದವನು ನೀನು. ಬಾ ಅವ್ವ, ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ, ಇಬ್ಬರೂ ಕೂಡಿ ಹೋಗೋಣ ಅಂದೆ.